ಪೇಟಿಯೊಳಗಿನ ಗುಳಿಗೆಗಳು

ಆ ಮನೆಯ ಹುಡುಗಿಗೆ ಕಾಮಣಿಯಾಗಿದೆ ಎಂದು ನನಗೆ ಮೊದಲು ಹೇಳಿದವರು ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಿಡಿದು ನಿಂತಿದ್ದ ಹೆಂಗಸರು. ಹತ್ತಿ ಬಿಡಿಸುವ ದಿನಗಳು. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಮೊರಬದಲ್ಲಿ ಬಾಡಿಗೆ ಮನೆ ಹಿಡಿದು ಸುತ್ತಲಿನ ನಾಲ್ಕು ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಸರಕಾರಿ ನರ್ಸು. ಹುಡುಗಿಯ ಊರು ತಿರ್ಲಾಪುರದ ಆಚೆ, ಹೆಸರು ಬೇಡ. ಯಾರು ಬಸುರಿ, ಯಾರಿಗೆ ಜ್ವರ, ಯಾರ ಕೂಸಿಗೆ ಚುಚ್ಚುಮದ್ದು ಬಾಕಿ ಎಂಬುದೆಲ್ಲ ನನ್ನ ರಜಿಸ್ಟರಿನಲ್ಲಿ ಇರಲೇಬೇಕು ಎಂಬ ಹಟ ನನ್ನದು. ಒಬ್ಬಳಿಗೆ ಕಾಮಣಿ, ಅಂದರೆ ಕಾಮಾಲೆ, ಬಂದು ತಿಂಗಳಾಗಿದೆ, ಗಿರಣಿಗೆ ಗೊತ್ತು, ನನಗೆ ಗೊತ್ತಿಲ್ಲ. ಸಿಟ್ಟಿನಲ್ಲೇ ಆ ಮನೆಯ ಕಡೆ ಹೊರಟೆ.

ಹುಡುಗಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹದಿನೇಳು ವರ್ಷ. ಎಬ್ಬಿಸಿ, ಬಾಗಿಲ ಬೆಳಕಿಗೆ ಕೂರಿಸಿ, ಕೆಳರೆಪ್ಪೆ ಎಳೆದು ನೋಡಿದೆ. ಕಣ್ಣು ಬೆಳ್ಳಗಿದ್ದವು. ನಾಲಿಗೆ, ಉಗುರು, ಅಂಗೈ ಎಲ್ಲ ನೋಡಿದೆ, ಎಲ್ಲಿಯೂ ಹಳದಿಯಿಲ್ಲ. ಹೊಟ್ಟೆಯ ಬಲಗಡೆ ಒತ್ತಿದೆ, ನೋವಿಲ್ಲ. ಮೂತ್ರದ ಬಣ್ಣ ಕೇಳಿದರೆ ತಾಯಿ ಬೇರೆ ಕಡೆ ಮುಖ ತಿರುಗಿಸಿದರು. ಬಾಜುದಲ್ಲಿ ಮುಟ್ಟದೆ ಬಿಟ್ಟ ತಟ್ಟೆ ಇತ್ತು: ಸಪ್ಪನ್ನ, ಉಪ್ಪಿಲ್ಲದ ಮಜ್ಜಿಗೆ. ನಮ್ಮ ಕಡೆ ಕಾಮಣಿ ಅಂದರೆ ಉಪ್ಪು, ಎಣ್ಣೆ, ಖಾರ ಮೂರೂ ಬಂದ್. ಕಾಮಣಿ ಎಲ್ಲಿಯೂ ಇರಲಿಲ್ಲ, ಅದರ ಪಥ್ಯ ಮಾತ್ರ ಶಿಸ್ತಾಗಿ ನಡೆದಿತ್ತು.

ಅಷ್ಟರಲ್ಲಿ ತಂದೆ ಹೊಲದಿಂದ ಬಂದು ನನ್ನನ್ನು ಹಿತ್ತಲಿಗೆ ಕರೆದರು. ಎತ್ತರದ ಆಳು, ಹಣೆ ತುಂಬ ವಿಭೂತಿ. ಊರ ಮಠದಲ್ಲಿ ಪ್ರತಿ ಸೋಮವಾರದ ಭಜನೆಗೆ ಪೇಟಿ ಬಾರಿಸುವವರು. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎನ್ನುವುದು. ಮಗಳು ಐದು ವರ್ಷದವಳಿದ್ದಾಗಿನಿಂದ ಅವರ ಪಕ್ಕ ಕೂತು ಹಾಡಿದವಳು. ಅಂಥವಳು ಬರುವುದು ನಿಲ್ಲಿಸಿದಾಗ ಭಜನೆಯವರು ಕೇಳದೆ ಇರುತ್ತಾರೆಯೇ?

“ಮಗಳು ಯಾಕ ಬರವಲ್ಲಳು ಅಂತ ಕೇಳಿದ್ರು ನರ್ಸ ಬಾಯಾರ. ಬಾಯಿಗೆ ಬಂದದ್ದು ಕಾಮಣಿ, ಅಂದಬಿಟ್ಟೆ,” ಅಂದರು. “ತಲಿ ಸರಿ ಇಲ್ಲ ಅಂತ ಹೆಂಗ ಹೇಳ್ಲಿ?”

ಹೇಳಿದ್ದು ಒಂದು ಮಾತು. ಮರುದಿನ ಬೆಳಿಗ್ಗೆ ಎದುರು ಮನೆಯ ಮುದುಕಿ ಕಾಮಣಿಗೆ ಮದ್ದೆಂದು ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ತಂದಳು. ಆಮೇಲೆ ದಿನಾ ತಂದಳು. ಕುಡಿಯದಿದ್ದರೆ ಅನುಮಾನ ಬರುತ್ತದೆಂದು ಹುಡುಗಿ ದಿನಾ ಕುಡಿದಳು. ಬಂದವರೆಲ್ಲ ಕಣ್ಣು ನೋಡುತ್ತಾರೆಂದು ಅವಳನ್ನು ಕತ್ತಲೆಯ ಒಳಕೋಣೆಗೆ ಹಾಕಿ, ಯಾರಾದರೂ ಬಂದರೆ ಕಣ್ಣು ಮುಚ್ಚಿಕೋ ಎಂದು ಕಲಿಸಿದರು. ಮೊದಲೇ ಏಳಲಾರದೆ ಮಲಗಿದವಳಿಗೆ ಸಪ್ಪನ್ನವೂ ಕತ್ತಲೆಯೂ ಸೇರಿದವು. ಕೆಟ್ಟ ಜನ ಅಲ್ಲ ಅವರು. ಮಗಳ ಮೇಲೆ ಜೀವ ಇಟ್ಟುಕೊಂಡವರೇ ಇಷ್ಟನ್ನೂ ಮಾಡಿದ್ದರು.

ಅವಳಿಂದ ಮಾತು ಹೊರಡಿಸಲು ನನಗೆ ಮೂರು ಭೇಟಿ ಬೇಕಾದವು. ಮೊದಲೆರಡು ಸಲ ನಾನೇ ಮಾತಾಡಿ ನಾನೇ ಎದ್ದು ಬಂದೆ. ಮೂರನೆಯ ಸಲ ಪ್ರಶ್ನೆ ಬಿಟ್ಟು ಕೊಬ್ಬರಿ ಎಣ್ಣೆ ತಂದು ಅವಳ ಕೂದಲು ಹಿಡಿದು ಕೂತೆ. ತಿಂಗಳುಗಟ್ಟಲೆ ಬಾಚದೆ ಗಂಟುಗಟ್ಟಿತ್ತು. ಒಂದೊಂದೇ ಎಳೆ ಬಿಡಿಸುತ್ತಾ ಒಂದು ತಾಸು ಆಗಿರಬೇಕು, ಅವಳು ನನಗೆ ಬೆನ್ನು ಮಾಡಿಕೊಂಡೇ ಮಾತಾಡಿದಳು.

“ಏನೂ ಅನಸವಲ್ದು ಅಕ್ಕಾರ. ಅಳುನೂ ಬರವಲ್ದು. ಅಪ್ಪ ಪೇಟಿ ಬಾರಿಸಿದ್ರ ಗದ್ದಲ ಅನಸತೈತಿ.”

ನವಲಗುಂದದಲ್ಲಿ ಪಿಯುಸಿ ಮುಗಿಸಿ ಧಾರವಾಡದ ಕಾಲೇಜಿನಲ್ಲಿ ಸಂಗೀತ ಓದಬೇಕೆಂದು ಅವಳೇ ಹಿಂದಿನ ಜೂನಿನಲ್ಲಿ ಅರ್ಜಿ ತರಿಸಿದ್ದಳು. ಅರ್ಧ ತುಂಬಿದ ಅರ್ಜಿ ಗೋಡೆಯ ಗೂಡಿನಲ್ಲಿತ್ತು. ಉಳಿದರ್ಧ ಬರೆಯಲು ಕೈಯೇ ಏಳಲಿಲ್ಲವಂತೆ. ನಸುಕಿನ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಾಗುವ ತನಕ ಮಾಳಿಗೆಯ ಜಂತಿ ನೋಡುವುದು. ನಾನು ಕಲಿತ ರೀತಿಯಲ್ಲಿ ನೇರವಾಗಿಯೇ ಕೇಳಿದೆ, ಸಾಯಬೇಕು ಅನಿಸಿದೆಯಾ ಎಂದು. ಕೇಳಿದರೆ ವಿಚಾರ ತಲೆಗೆ ಹಾಕಿದಂತೆ ಎಂದು ಹೆದರುವವರಿದ್ದಾರೆ. ಹಾಗಲ್ಲ, ಕೇಳಿದರೆ ಹೊತ್ತ ಭಾರ ಸ್ವಲ್ಪ ಇಳಿಯುತ್ತದೆ. ಒಮ್ಮೆ ಕೆರೆಯ ದಂಡೆಗೆ ಹೋಗಿ ನಿಂತು ವಾಪಸ್ ಬಂದಿದ್ದೆ ಎಂದಳು. ಕೊಡ ತರುವುದನ್ನು ಮರೆತಿದ್ದಳಂತೆ, ತಾಯಿ ಬೈದರಂತೆ. ಜಡೆ ಹೆಣೆದು ಮುಗಿಸಿ ಹೊರಗೆ ಬಂದು, ಅವಳನ್ನು ಒಬ್ಬಳೇ ನೀರಿಗೆ ಕಳಿಸಬೇಡಿ, ಒಬ್ಬಳೇ ಮಲಗಿಸಬೇಡಿ ಎಂದು ತಾಯಿಗೆ ಹೇಳಿ, ತಂದೆಯ ಎದುರು ಕೂತೆ.

ಧಾರವಾಡದ ಮಾನಸಿಕ ಆಸ್ಪತ್ರೆಯ ಹೆಸರು ಎತ್ತಿದೊಡನೆ ಅವರು ಕೈ ಮುಗಿದರು. ಬೇಡ ಎಂಬ ಕೈಮುಗಿತ ಅದು. ಎರಡು ವಾರ ಗುದ್ದಾಡಿದೆ. ಕೊನೆಗೆ ಒಪ್ಪಿದ್ದು ಒಂದು ಕರಾರಿನ ಮೇಲೆ: ಊರಿಗೆ ಗೊತ್ತಾಗಬಾರದು. ನಾನು ಮಾತು ಕೊಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳಲು ನನ್ನ ರಜಿಸ್ಟರಿನಲ್ಲಿ ಅವಳ ಹೆಸರಿನ ಎದುರು ‘ಕಾಮಣಿ, ಶಂಕೆ’ ಎಂದು ಬರೆದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಗೊತ್ತಿದ್ದೂ ತಪ್ಪು ಬರೆದದ್ದು ಅದೊಂದೇ, ಅದು ಸುಮ್ಮನೆ ಬಿಡಲೂ ಇಲ್ಲ.

ಧಾರವಾಡದ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನಿಧಾನದ ಮನುಷ್ಯ. ಅವಳೊಬ್ಬಳ ಜೊತೆ ಅರ್ಧ ತಾಸು ಮಾತಾಡಿ ಆಮೇಲೆ ನಮ್ಮನ್ನು ಒಳಗೆ ಕರೆದರು. ಇದಕ್ಕೆ ಖಿನ್ನತೆ ಎನ್ನುತ್ತಾರೆ, ಹುಚ್ಚಲ್ಲ, ಸೋಮಾರಿತನವೂ ಅಲ್ಲ, ಔಷಧವಿದೆ ಎಂದರು. ದಿನಕ್ಕೆ ಮೂರು ಗುಳಿಗೆ. ಮೂರು ವಾರ ಏನೂ ಗುಣ ಕಾಣದಿದ್ದರೂ ಬಿಡಬಾರದು. ಗುಣ ಕಂಡ ಮೇಲೂ ಬಹಳ ತಿಂಗಳು ಬಿಡಬಾರದು. ಬಾಯಿ ಒಣಗುತ್ತದೆ, ಮಲಬದ್ಧತೆ ಆಗಬಹುದು, ಎದ್ದು ನಿಂತಾಗ ತಲೆ ತಿರುಗಬಹುದು. ಎಲ್ಲವನ್ನೂ ನಾನು ನೀಟಾಗಿ ಬರೆದುಕೊಂಡೆ. ಬಾಯಿ ಒಣಗುತ್ತದೆ ಎಂದು ಬರೆಯುವಾಗ, ಎದುರಿಗೆ ಕೂತವಳು ಹಾಡುವ ಹುಡುಗಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ತಾಯಿ ಗುಳಿಗೆಗಳನ್ನು ಕುಂಕುಮದ ಹಳೆಯ ಡಬ್ಬಿಯಲ್ಲಿ ಹಾಕಿಟ್ಟರು. ಗುರುವಾರಕ್ಕೊಮ್ಮೆ ನಾನು ಹೋಗಿ ಡಬ್ಬಿ ತೆರೆದು ಎಣಿಸುತ್ತಿದ್ದೆ. ಮೂರು ವಾರ ನಿಜಕ್ಕೂ ಏನೂ ಆಗಲಿಲ್ಲ. ನಾಲ್ಕನೆಯ ವಾರ ಅವಳು ಅಂಗಳದಲ್ಲಿ ಹತ್ತಿಯಿಂದ ಕಸ ಆರಿಸುತ್ತ ಕೂತಿದ್ದಳು. ಅದರ ಮುಂದಿನ ವಾರ, ಸಪ್ಪನ್ನ ಎಷ್ಟು ದಿನ ತಿನ್ನಬೇಕು ಎಂದು ನನ್ನನ್ನು ಕೇಳಿದಳು. ಊಟದ ಮೇಲೆ ಆಸೆ ಬಂದಿದೆ ಎಂದು ನನಗಾದ ಸಂತೋಷ ಹೇಳತೀರದು. ಆದರೆ ಕಾಮಣಿಯ ಪಥ್ಯ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದಳು ಎದುರು ಮನೆಯ ಮುದುಕಿ. ಹಾಗಾಗಿ ತಾಯಿ ಬಾಗಿಲು ಹಾಕಿಕೊಂಡು ಅನ್ನದ ನಡುವೆ ಉಪ್ಪಿನಕಾಯಿ ಹುಗಿದು ಕೊಡಲು ಶುರು ಮಾಡಿದರು.

ಮಾರ್ಚಿನ ಒಂದು ಸಂಜೆ ಅವರ ಓಣಿಗೆ ತಿರುಗುವಾಗ ಪೇಟಿಯ ಸದ್ದು ಕೇಳಿಸಿತು. ತಂದೆ ಹೊಲದಲ್ಲಿದ್ದರು. ಅವಳೇ. ಹಾಡಿರಲಿಲ್ಲ, ಬರೀ ಷಡ್ಜ ಹಿಡಿದು ಕೂತಿದ್ದಳು. ನಾನು ಒಳಗೆ ಹೋಗದೆ ಹೊರಗೆ ಕಟ್ಟೆಯ ಮೇಲೆ ಕೂತೆ. ಯಾರಾದರೂ ಕೇಳಿದ್ದರೆ ಕಣ್ಣಿಗೆ ಧೂಳು ಬಿತ್ತು ಎಂದು ಸುಳ್ಳು ಹೇಳುತ್ತಿದ್ದೆ.

ನನ್ನ ‘ಕಾಮಣಿ, ಶಂಕೆ’ ಅದೇ ತಿಂಗಳು ಹಲ್ಲು ತೋರಿಸಿತು. ತಿಂಗಳ ವರದಿಯಲ್ಲಿ ಅದು ಮೇಲೆ ಹೋಗಿ, ಊರಿಗೆ ಹೆಲ್ತ್ ಇನ್ಸ್‌ಪೆಕ್ಟರು ಬ್ಲೀಚಿಂಗ್ ಪುಡಿಯ ಚೀಲದ ಸಮೇತ ಬಂದಿಳಿದರು. ಬಾವಿಯ ನೀರು ಉಪ್ಪು ಎಂದು ಊರಿಗೆ ಊರೇ ಕುಡಿಯುವುದು ಕೆರೆಯ ನೀರು. ಕೆರೆಯಿಂದ ನೀರು ಬರುವ ತೊಟ್ಟಿಗೆ ಅವರು ಕೈ ಬಿಚ್ಚಿ ಪುಡಿ ಹಾಕಿಸಿದರು. ಅವರ ತಪ್ಪಿಲ್ಲ, ಕಾಮಣಿ ಎಂದರೆ ಅವರು ಮಾಡಬೇಕಾದದ್ದೇ ಅದು. ಹತ್ತು ದಿನ ಇಡೀ ಊರಿನ ಚಹಾ ಆಸ್ಪತ್ರೆಯ ವಾಸನೆ ಹೊಡೆಯಿತು. ಹೆಂಗಸರು ನನ್ನನ್ನು ತಡೆದು ಬೈದರು. ಎಲ್ಲರ ಬೈಗುಳ ತಿಂದು ಆ ಮನೆಗೆ ಹೋದರೆ ಹುಡುಗಿ, ನನ್ನಿಂದ ಊರಿಗೇ ಪಥ್ಯ ಹತ್ತಿತಲ್ಲ ಅಕ್ಕಾರ ಎಂದು ನಕ್ಕಳು. ಅವಳು ನಕ್ಕದ್ದು ಅದೇ ಮೊದಲು; ಬೈಗುಳ ವಸೂಲಾಯಿತು ಅಂದುಕೊಂಡೆ.

ಏಪ್ರಿಲ್‌ನಲ್ಲಿ ಅವಳು ಅರ್ಜಿಯ ಉಳಿದರ್ಧ ತುಂಬಿದಳು. ಜೂನಿನಲ್ಲಿ ಕಾಲೇಜಿನವರು ಹಾಡಿಸಿ ನೋಡಿ ಸೇರಿಸಿಕೊಳ್ಳುತ್ತಾರೆ. ತಂದೆಗೆ ಹಿಂದೆ ಯಾರೋ ಗುರುಗಳು ಕಲಿಸಿದ ನಾಲ್ಕೈದು ರಾಗ ಬರುತ್ತಿದ್ದವು. ಪರೀಕ್ಷೆ ಬೆಳಿಗ್ಗೆ ಇರಬಹುದೆಂದು ಬೆಳಗಿನ ರಾಗ ಭೈರವವನ್ನೇ ಹಿಡಿದು ದಿನಾ ನಸುಕಿನಲ್ಲಿ ಅಭ್ಯಾಸ ನಡೆಯಿತು. ಗುರುವಾರದ ನನ್ನ ಎಣಿಕೆಯೂ ತಪ್ಪಿರಲಿಲ್ಲ. ಎಲ್ಲ ಸುಸೂತ್ರ ಎಂದುಕೊಂಡಿದ್ದೆ.

ಮೇ ಮೊದಲ ವಾರಗಳಲ್ಲಿ ಅವಳ ಮುಖ ಮತ್ತೆ ಬಾಡತೊಡಗಿತು. ನಸುಕಿನ ಮೂರಕ್ಕೆ ಎಚ್ಚರ, ಊಟ ಅರ್ಧಕ್ಕೆ ಬಿಡುವುದು, ಕೇಳಿದ್ದಕ್ಕೆ ಉತ್ತರ ಇಲ್ಲ. ಡಬ್ಬಿ ಎಣಿಸಿದೆ; ಸರಿಯಾಗಿತ್ತು. ಗುಳಿಗೆ ತೆಗೆದುಕೊಂಡೂ ಹೀಗೇಕೆ ಎಂದು ತಲೆ ಕೆಡಿಸಿಕೊಂಡು ಡಾಕ್ಟರಿಗೆ ಪತ್ರ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಒಂದು ಮಂಗಳವಾರ ಮುಂಜಾನೆ ಅವಳ ತಂದೆ ಟವೆಲ್ಲಿನಲ್ಲಿ ಏನೋ ಗಂಟು ಕಟ್ಟಿಕೊಂಡು ಮೊರಬಕ್ಕೇ ಬಂದರು. ಹಿಂದಿನ ರಾತ್ರಿಯ ಭಜನೆಯಲ್ಲಿ ಪೇಟಿಯ ಮಧ್ಯಮ ಸ್ವರದ ಮಣೆ ಒತ್ತಿದರೆ ಕೆಳಗೆ ಇಳಿಯಲೇ ಇಲ್ಲವಂತೆ. ಇಲಿ ಹೊಕ್ಕಿರಬೇಕೆಂದು ಬೆಳಿಗ್ಗೆ ಮೇಲಿನ ಹಲಗೆ ಬಿಚ್ಚಿದ್ದಾರೆ. ಮಣೆಯ ಕೆಳಗೆ ಒಂದು ಗುಳಿಗೆ ಸಿಕ್ಕಿಕೊಂಡಿತ್ತು. ಉಳಿದವು ಒಳಗೆ ಮೂಲೆಯಲ್ಲಿದ್ದವು. ಟವೆಲ್ ಬಿಚ್ಚಿ ನನ್ನ ಟೇಬಲ್ಲಿನ ಮೇಲೆ ಸುರಿದರು. ಇಪ್ಪತ್ತಮೂರು.

ನಾನು ಡಬ್ಬಿ ಎಣಿಸುತ್ತಿದ್ದೆ, ಡಬ್ಬಿಯಿಂದ ಹೊರಗೆ ಹೋದದ್ದು ಹೊಟ್ಟೆಗೆ ಹೋಯಿತೇ ಎಂದು ನೋಡಿರಲಿಲ್ಲ. ಹೊಸಬಳಂತೆ ಮೋಸ ಹೋಗಿದ್ದೆ. ಆ ಸಿಟ್ಟನ್ನೆಲ್ಲ ಕಟ್ಟಿಕೊಂಡು ಹೋಗಿ ಅವಳ ಮೇಲೆ ಹರಿಹಾಯ್ದೆ. ನಿನಗಾಗಿ ಊರ ಬೈಗುಳ ತಿಂದೆ, ಸರಕಾರಕ್ಕೆ ಸುಳ್ಳು ಬರೆದೆ ಎಂದೆಲ್ಲ ಅಂದೆ. ಅಂದದ್ದರ ಬಗ್ಗೆ ಇವತ್ತಿಗೂ ನಾಚಿಕೆ ಇದೆ. ಅವಳು ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡಿದಳು.

“ಮುಂಜಾನಿ ಗುಳಿಗಿ ನುಂಗಿದ್ರ ನಾಲಿಗಿ ಅಂಗುಳಕ್ಕ ಅಂಟತೈತ್ರಿ. ಸ್ವರ ಹೊಂಡೂದಿಲ್ಲ. ಗುಳಿಗಿ ಬಿಟ್ರ ಹಾಡಬೇಕು ಅಂತನ ಅನಸೂದಿಲ್ಲ. ಯಾವದು ಬಿಡ್ಲಿ ಅಕ್ಕಾರ, ನೀವ ಹೇಳ್ರಿ.”

ಬಾಯಿ ಒಣಗಿದರೆ ನೀರು ಕುಡಿ ಎಂದೆ. ಎದ್ದು ಬರುವಾಗ, ಯಾಕೆ ಹಾಗೆ ಮಾಡಿದೆನೋ, ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ಮರುದಿನ ಬೆಳಿಗ್ಗೆ ಚಹಾದ ಜೊತೆ ಅದನ್ನು ನುಂಗಿದೆ. ನರ್ಸು ಮಾಡುವ ಕೆಲಸವಲ್ಲ ಅದು. ಯಾರಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ.

ಅವತ್ತು ಆ ಊರಿನ ಬಾಲವಾಡಿಯಲ್ಲಿ ತಾಯಂದಿರ ಸಭೆ. ಕೂಸಿಗೆ ಭೇದಿಯಾದರೆ ಉಪ್ಪು ಸಕ್ಕರೆ ನೀರು ಹೇಗೆ ಕಲಸಬೇಕು ಎಂದು ಹೇಳಿಕೊಡುವುದು. ನೂರು ಸಲ ಹೇಳಿದ ಮಾತು, ನಿದ್ದೆಯಲ್ಲೂ ಹೇಳಬಲ್ಲೆ. ಅರ್ಧಕ್ಕೆ ಬರುವಷ್ಟರಲ್ಲಿ ಬಾಯೊಳಗೆ ಬತ್ತಿ ತುರುಕಿದಂತಾಯಿತು. ನಾಲಿಗೆ ಎಲ್ಲಿ ಇಡಬೇಕೋ ಅಲ್ಲಿ ಹೋಗಲೊಲ್ಲದು. ನೀರು ಕುಡಿದೆ, ನೀರು ಗಂಟಲು ದಾಟಿದ ಮರುಕ್ಷಣ ಮತ್ತೆ ಒಣ. ಎರಡು ಸಲ ತೊದಲಿ, ಮೂರನೆಯ ಸಲ ಉಪ್ಪಿನ ಅಳತೆಯನ್ನೇ ತಪ್ಪು ಹೇಳಿ ತಿದ್ದಿಕೊಂಡೆ. ಹೆಂಗಸರು ನಕ್ಕರು. ಬಾಗಿಲ ಬಳಿ ಹುಡುಗಿಯೂ ತಾಯಿಯ ಜೊತೆ ಬಂದು ಕೂತಿದ್ದಳು, ಅವಳು ನಗಲಿಲ್ಲ. ಮಾತಾಡಲಿಕ್ಕೇ ಆಗದ ಈ ಬಾಯಲ್ಲಿ ಇವಳು ಭೈರವ ಹಾಡಬೇಕಿತ್ತು, ನಾನು ನೀರು ಕುಡಿ ಅಂದಿದ್ದೆ.

ಅದೇ ವಾರ ಅವಳನ್ನು ಕರೆದುಕೊಂಡು ಧಾರವಾಡಕ್ಕೆ ಹೋದೆ. ಇಪ್ಪತ್ತಮೂರು ಗುಳಿಗೆಯ ಕಥೆ ಕೇಳಿ ಡಾಕ್ಟರು ಬೈಯಲಿಲ್ಲ. ಮೊದಲೇ ಹಾಡಿನ ವಿಚಾರ ಹೇಳಬೇಕಿತ್ತು ಎಂದು ನನ್ನನ್ನೇ ನೋಡಿದರು. ಮೂರನ್ನೂ ಕೂಡಿಸಿ ಮಲಗುವಾಗ ಒಂದೇ ಸಲ ಕೊಡಿ, ಒಣಗುವುದೆಲ್ಲ ನಿದ್ದೆಯಲ್ಲಿ ಕಳೆಯಲಿ ಎಂದರು. ಪೂರ್ತಿ ಹೋಗುವುದಿಲ್ಲ, ಬೆಳಿಗ್ಗೆ ಸ್ವಲ್ಪ ಇದ್ದೇ ಇರುತ್ತದೆ. ಬಿಡುವ ಮಾತು ಮಾತ್ರ ಬೇಡ, ಇನ್ನೊಂದು ವರ್ಷವಾದರೂ ಬೇಕು.

ಆಮೇಲೆ ಇಬ್ಬರೂ ಸೇರಿ ಒಂದು ಕೆಲಸ ಮಾಡಿದೆವು. ಅವಳ ಸಂಗೀತದ ನೋಟುಬುಕ್ಕಿನ ಹಿಂದೆ ಗೆರೆ ಹಾಕಿ, ದಿನಕ್ಕೆ ಐದು ಹೊತ್ತು ಷಡ್ಜ ಹಿಡಿದು ಗಂಟಲು ಹೇಗಿದೆ ಎಂದು ಬರೆಯುವುದು. ಬೆಳಿಗ್ಗೆ ಏಳಕ್ಕೆ: ಮರಳು. ಹತ್ತಕ್ಕೆ: ಅಂಟು. ಹನ್ನೆರಡಕ್ಕೆ: ಪರವಾಗಿಲ್ಲ, ಮೇಲಿನ ಸ್ವರ ಒಡೆಯುತ್ತದೆ. ಮೂರಕ್ಕೆ: ಚಂದ. ಸಂಜೆಗೆ: ಚಂದ. ಮಾತುಗಳು ಅವಳವೇ. ಎರಡು ವಾರ ಬರೆದರೂ ಮೂರು ಗಂಟೆಯ ಸಾಲಿನಲ್ಲಿ ‘ಚಂದ’ ತಪ್ಪಲಿಲ್ಲ. ಪರೀಕ್ಷೆಯ ಹೊತ್ತು ಇನ್ನೂ ಗೊತ್ತಾಗಿರಲಿಲ್ಲ; ತಂದೆ ಅದನ್ನು ನೋಡಿ ಭೈರವ ಬಿಡಿಸಿ ಭೀಮಪಲಾಸ ಹಿಡಿಸಿದರು. ಅದು ಮಧ್ಯಾಹ್ನ ಇಳಿಯುವ ಹೊತ್ತಿನ ರಾಗ, ಬೆಳಿಗ್ಗೆ ಯಾರೂ ಹಾಡುವುದಿಲ್ಲ. ಮುಖವೂ ನಿಧಾನಕ್ಕೆ ತಿಳಿಯಾಯಿತು, ನಿದ್ದೆ ಐದರ ತನಕ ಬಂತು.

ಆಗ ಕಾಲೇಜಿನ ಕಾರ್ಡು ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗಬೇಕು.

ಪರೀಕ್ಷೆಯ ಹಿಂದಿನ ರಾತ್ರಿಯ ಗುಳಿಗೆಯನ್ನಷ್ಟೇ ಬಿಡಿಸೋಣವೇ ಎಂದು ತಾಯಿ ಮೆಲ್ಲಗೆ ಕೇಳಿದರು. ನನಗೂ ಆಸೆಯಾಗದೆ ಇರಲಿಲ್ಲ. ಹುಡುಗಿಯೇ ಬೇಡ ಎಂದಳು. “ಗುಳಿಗಿ ನುಂಗಿದ ಗಂಟಲಾನ ಅವರು ಕೇಳ್ಲಿ. ನಾಳಿ ಅಲ್ಲಿ ಕಲಿಯೂದು ಅದ ಗಂಟಲಾ ಅಲ್ಲೇನು?” ಹಾಗಾದರೆ ಉಳಿದದ್ದು ಒಂದೇ ದಾರಿ, ಮಧ್ಯಾಹ್ನ ಹಾಡಿಸಿ ಎಂದು ಕೇಳಿಕೊಳ್ಳುವುದು. ಕಾರಣ ಏನು ಹೇಳುವುದು? ತಂದೆ ತಡವರಿಸದೆ, ಕಾಮಣಿಯಿಂದ ಈಗಷ್ಟೇ ಎದ್ದಾಳ ಅಂತ ಹೇಳೂಣು ಎಂದರು. ನಾನು ಅದಕ್ಕೊಂದು ಚೀಟಿ ಬರೆದುಕೊಡಬೇಕಂತೆ, ಸರಕಾರಿ ಸಿಕ್ಕಾ ಒತ್ತಿ.

ಒಂದು ಸಣ್ಣ ಚೀಟಿ. ಬರೆದಿದ್ದರೆ ಕೆಲಸ ಆಗಿಯೇ ಬಿಡುತ್ತಿತ್ತು. ಆದರೆ ಕಾಲೇಜು ಅಂದರೆ ಹಾಸ್ಟೆಲು, ಮೂರು ವರ್ಷ. ಅಲ್ಲಿ ಅವಳು ದಿನಾ ಮಲಗುವಾಗ ಮೂರು ಗುಳಿಗೆ ನುಂಗಬೇಕು. ಬೆಳಗಿನ ಪಾಠದಲ್ಲಿ ಗಂಟಲು ಅಂಟಿದರೆ ಗುರುಗಳಿಗೆ ಗೊತ್ತಿರಬೇಕು, ನಸುಕಿಗೆ ಎಚ್ಚರವಾಗತೊಡಗಿದರೆ ಯಾರಾದರೂ ಗಮನಿಸಬೇಕು. ಕಾಮಣಿ ಎಂದು ಹೇಳಿ ಕಳಿಸಿದರೆ ಅಲ್ಲಿಯೂ ಅವಳು ಕಣ್ಣು ಮುಚ್ಚಿಕೊಂಡು ಮಲಗಬೇಕಾಗುತ್ತದೆ, ಗುಳಿಗೆ ಬಚ್ಚಿಡಲು ಅಲ್ಲಿಯೂ ಪೇಟಿಗಳಿಗೆ ಕಡಿಮೆಯಿಲ್ಲ. ನಾನು ಚೀಟಿ ಬರೆಯುವುದಿಲ್ಲ ಎಂದೆ.

ಮೊದಲು ಹುಡುಗಿಯನ್ನು ಒಳಗೆ ಕರೆದು ಕೇಳಿದೆ. ನನ್ನ ರಜಿಸ್ಟರಿನಲ್ಲಿ ನಿಜ ಬರೆಯಲೇ, ಹೆಸರು ನಿನ್ನದು, ನಿನ್ನ ಒಪ್ಪಿಗೆ ಬೇಕು ಎಂದೆ.

“ಬರೀರಿ ಅಕ್ಕಾರ. ಒಟ್ಟ ಸಪ್ಪನ್ನ ಬಂದ್ ಮಾಡಸ್ರಿ.”

ಹೊರಗೆ ಬಂದು ತಂದೆಯ ಎದುರಿಗೇ ಚೀಲದಿಂದ ರಜಿಸ್ಟರು ತೆಗೆದೆ. ‘ಕಾಮಣಿ, ಶಂಕೆ’ ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ‘ಖಿನ್ನತೆ, ಚಿಕಿತ್ಸೆಯಲ್ಲಿ, ಗುಣಮುಖ’ ಎಂದು ಬರೆದು ಸಹಿ ಹಾಕಿದೆ. “ನಂದು ನಾ ತಿದ್ದಿದೆ. ನಿಮ್ಮದು ನಿಮ್ಮ ಬಾಯಾಗ ಐತಿ,” ಎಂದೆ. ಅವರು ಆ ಅಕ್ಷರಗಳನ್ನೇ ನೋಡುತ್ತ ಕೂತರು. ತಿದ್ದಿದ್ದಕ್ಕೆ ನನಗೆ ಮೇಲಿನವರಿಂದ ಒಂದು ಮೆಮೋ ಬಂತು. ಇಲ್ಲದ ಕಾಮಣಿಗೆ ಖರ್ಚಾದ ಬ್ಲೀಚಿಂಗ್ ಪುಡಿಯ ಬಗ್ಗೆ ವಿವರಣೆ ಕೊಡಬೇಕಂತೆ. ಕೊಟ್ಟೆ.

ಪರೀಕ್ಷೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಕಾಲೇಜಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಮಕ್ಕಳು, ಅವರ ತಂದೆ ತಾಯಿಗಳು. ಒಳಗೆ ಒಬ್ಬ ವಯಸ್ಸಾದ ಗುರುಗಳು, ಪಕ್ಕದಲ್ಲಿ ತಂಬೂರಿ ಹಿಡಿದ ಹೆಣ್ಣುಮಗಳು. ನಮ್ಮ ಹುಡುಗಿ ಗೋಡೆಗೆ ಒರಗಿ ಕೂತು ಪದೇ ಪದೇ ತುಟಿ ಸವರಿಕೊಳ್ಳುತ್ತಿದ್ದಳು. ಹನ್ನೊಂದೂವರೆಗೆ ಅವಳ ಹೆಸರು ಕರೆದರು. ಅವಳು ಏಳುವ ಮೊದಲು ತಂದೆ ಎದ್ದರು. ತಲೆಯ ಪಟಕಾ ಸರಿ ಮಾಡಿಕೊಂಡು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಗುರುಗಳ ಮುಂದೆ ನಿಂತರು. ನಾವಿಬ್ಬರೂ ಬಾಗಿಲಲ್ಲಿ. ಹೊರಗಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು ಅವರ ದನಿ. ಭಜನೆಯ ಗಂಟಲು, ಸಣ್ಣಗೆ ಮಾತಾಡಿ ಅಭ್ಯಾಸವಿಲ್ಲ.

“ಗುರುಗಳ, ನನ್ನ ಮಗಳಿಗೆ ಮನಸಿನ ಬ್ಯಾನಿ ಆಗಿತ್ರಿ. ಕಾಮಣಿ ಅಲ್ಲ. ಗುಳಿಗಿ ತಗೊಳ್ಳಾಕತ್ತಾಳ, ಇನ್ನೂ ತಗೋಬೇಕು. ಅದರಿಂದ ಮುಂಜಾನಿ ಗಂಟಲಾ ಒಣಗತೈತಿ. ಮಧ್ಯಾಹ್ನದ ಮ್ಯಾಲ ಕೇಳ್ರಿ, ಹಾಡ್ತಾಳ.”

ನಡುವೆ ಕಾಮಣಿ ಯಾಕೆ ಬಂತೋ ಗುರುಗಳಿಗೆ ತಿಳಿದಿರಲಿಕ್ಕಿಲ್ಲ. ಅವರು ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿ, ಏನು ಹಾಡುತ್ತಿ ಎಂದು ಕೇಳಿದರು. ಭೀಮಪಲಾಸ ಎಂದಳು. “ಹಂಗಾದ್ರ ಈಗ ಹೆಂಗ ಹಾಡಾಕ ಬರತೈತಿ? ಅದರ ಹೊತ್ತಿಗೆ ಹಾಡು. ಉಂಡು ಬರ್ರಿ,” ಎಂದು ಹೆಸರನ್ನು ಪಟ್ಟಿಯ ಕೊನೆಗೆ ಬರೆದುಕೊಂಡರು. ಇಷ್ಟೇ. ಆರು ತಿಂಗಳು ನಾವು ಹೊತ್ತು ತಿರುಗಿದ ಗುಟ್ಟು ಬಿಚ್ಚಲು ಅರೆಗಳಿಗೆ ಹಿಡಿಯಿತು. ತಂದೆ ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಹುಡುಗಿ ಪಕ್ಕದಲ್ಲಿ ಬುತ್ತಿ ಬಿಚ್ಚಿ, ರೊಟ್ಟಿಗೆ ಕೆಂಪಿಂಡಿ ಚಟ್ನಿ ಹಚ್ಚಿ, ಯಪ್ಪಾ ಉಣ್ಣು ಎಂದು ಅವರ ಮೊಣಕಾಲು ಅಲುಗಾಡಿಸಿದಳು.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಹಾಡಿದಳು. ನನಗೆ ಸಂಗೀತ ತಿಳಿಯುವುದಿಲ್ಲ. ಮಧ್ಯಮದ ಮೇಲೆ ಅವಳು ನಿಂತಾಗ ತಂದೆ ಕಣ್ಣು ಮುಚ್ಚಿದ್ದನ್ನು ನೋಡಿದೆ. ಒಂದು ಕಡೆ ಗಂಟಲು ಹಿಡಿಯಿತು. ಅವಳು ಹೆದರಲಿಲ್ಲ, ನಿಲ್ಲಿಸಿ, ತಂಬಿಗೆಯಿಂದ ಎರಡು ಗುಟುಕು ಕುಡಿದಳು. ಗುರುಗಳು ತಂಬೂರಿಯವಳಿಗೆ ನಿಲ್ಲಿಸಬೇಡ ಎಂದು ಕೈ ಮಾಡಿದರು. ತಂಬೂರಿ ನುಡಿಯುತ್ತಲೇ ಇತ್ತು, ಅವಳು ಬಿಟ್ಟಲ್ಲಿಂದ ಮತ್ತೆ ಹಿಡಿದಳು. ಸಂಜೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಮುಂದಿನ ಸೋಮವಾರ ಮಠದ ಭಜನೆಯಲ್ಲಿ ತಂದೆ ಪೇಟಿ ಮುಚ್ಚಿದ ಮೇಲೆ ಊರವರಿಗೂ ಹೇಳಿದರಂತೆ. ಕೆಲವರು ಸುಮ್ಮನೆ ಎದ್ದು ಹೋದರು, ಕೆಲವರು ಹುಡುಗಿಯ ತಲೆ ಸವರಿ ಹೋದರು. ಎದುರು ಮನೆಯ ಮುದುಕಿಯ ಸಿಟ್ಟು ಮಾತ್ರ ಬೇರೆ ನಮೂನೆ: ಮೂರು ತಿಂಗಳು ಸೊಪ್ಪು ಅರೆದೆನಲ್ಲ, ಮೊದಲೇ ಹೇಳಿದ್ದರೆ ಬಂದು ಬಾಜು ಕೂತು ಮಾತಾಡುತ್ತಿದ್ದೆನಲ್ಲ ಎಂದು ನನ್ನನ್ನು ಹಿಡಿದು ಜಗಳಾಡಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹಾಸ್ಟೆಲಿಗೆ ಹೊರಡುವ ಹಿಂದಿನ ಗುರುವಾರ ನಾನು ಕೊನೆಯ ಸಲ ಹೋದೆ. ಟ್ರಂಕು ಕಟ್ಟಿ ಆಗಿತ್ತು. ಅವಳು ಕುಂಕುಮದ ಡಬ್ಬಿ ತಂದು ನನ್ನ ಮುಂದಿಟ್ಟಳು. ನಾನು ಅದನ್ನು ವಾಪಸ್ ಅವಳ ಕಡೆ ಸರಿಸಿ, ಇನ್ನು ನಿನ್ನ ಗುಳಿಗೆ ನೀನೇ ಎಣಿಸಿಕೋ ಎಂದೆ. ಅವಳು ಸಂಗೀತದ ನೋಟುಬುಕ್ಕು ತೆರೆದು ಕೊನೆಯ ಪುಟ ತೋರಿಸಿದಳು. ಮೊದಲ ದಿನದಿಂದ ನುಂಗಿದ್ದಕ್ಕೊಂದು ಗೆರೆ, ಬಚ್ಚಿಟ್ಟದ್ದಕ್ಕೊಂದು ಸೊನ್ನೆ ಹಾಕಿಟ್ಟಿದ್ದಳು. ನನಗಿಂತ ಅಚ್ಚುಕಟ್ಟು.

“ಡಾಕ್ಟರು ಕೊಟ್ಟದ್ದು, ನಾ ನುಂಗಿದ್ದು, ಪೇಟಿಯಾಗ ಸಿಕ್ಕದ್ದು, ಡಬ್ಬಿಯಾಗ ಉಳದದ್ದು, ಎಲ್ಲಾ ಕೂಡಿಸಿ ನೋಡಿದ್ನಿ,” ಎಂದಳು. “ಒಂದು ಕಡಿಮಿ ಬರತೈತಿ ಅಕ್ಕಾರ.”

ನಾನು ಬಿದ್ದು ಹೋಗಿರಬೇಕು ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಳು. ಆಮೇಲೆ ಬಂದು, ತಿಂಗಳುಗಳ ಹಿಂದೆ ನಾನು ಅವಳ ಹಿಂದೆ ಕೂತಿದ್ದ ಹಾಗೆ ನನ್ನ ಹಿಂದೆ ಕೂತು, ಬಿಚ್ಚಿಹೋಗಿದ್ದ ನನ್ನ ತುರುಬನ್ನು ಕೈಗೆ ತೆಗೆದುಕೊಂಡಳು.

“ಅವತ್ತ ಬಾಲವಾಡಿಯಾಗ ನಿಮ್ಮ ನಾಲಿಗಿ ತೊದಲಿತ್ತಲ್ಲ,” ಎಂದಳು. “ನಾ ಅಲ್ಲೇ ಕುಂತಿದ್ನಿ.”